ತೂಗುಕುರ್ಚಿ ಎಂಬ ಹಿರಿಯರ ತೊಟ್ಟಿಲು

ಹಳೆಯ ತೂಗುಕುರ್ಚಿಯನ್ನು ಕಂಡೊಡನೆ ಮನಸ್ಸು ಮೃದುವಾಗುವುದೇಕೆ? ಉತ್ತರ ಅದರ ಚಲನೆಯಲ್ಲಿದೆ. ತೂಗಾಟದ ಹಿತ ಶಿಶುಗಳಿಗಷ್ಟೇ ಸೀಮಿತವಲ್ಲ. ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಲ್ಲನೆ ತೂಗುವ ಹಾಸಿಗೆಯಲ್ಲಿ ಮಲಗಿದ ವಯಸ್ಕರು ಬೇಗನೆ ನಿದ್ರೆಗೆ ಜಾರಿದರು. ಅವರ ಗಾಢನಿದ್ರೆಯೂ ಹೆಚ್ಚಿತು.

ಬಾಗಿದ ಮರದ, ಬೆತ್ತ ಹೆಣೆದ ತೂಗುಕುರ್ಚಿಗೆ ಪ್ರಸಿದ್ಧಿ ತಂದದ್ದು ವಿಯೆನ್ನಾದ ಥೋನೆಟ್ ಸಂಸ್ಥೆ. 1860ರ ಸುಮಾರಿಗೆ ಅದು ಬೀಚ್ ಮರದ ಸಲಾಕೆಗಳನ್ನು ಹಬೆಯಲ್ಲಿ ಮೆದುಗೊಳಿಸಿ, ಬಾಗಿಸಿ ಇಂಥ ಕುರ್ಚಿಗಳನ್ನು ತಯಾರಿಸತೊಡಗಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಎಫ್. ಕೆನಡಿ ಅವರ ಬೆನ್ನುನೋವಿಗೆ ವೈದ್ಯೆ ಜಾನೆಟ್ ಟ್ರಾವೆಲ್ ಸೂಚಿಸಿದ್ದೂ ತೂಗುಕುರ್ಚಿಯನ್ನೇ. ಬಳಿಕ ಅದು ಶ್ವೇತಭವನವನ್ನೂ ಪ್ರವೇಶಿಸಿತು.

ನಮ್ಮ ನಗರಗಳಲ್ಲಿ ಮನೆಗಳು ಕಿರಿದಾದಂತೆ ಅಜ್ಜ-ಅಜ್ಜಿಯರ ಕುರ್ಚಿಗೆ ಸ್ಥಳವಿಲ್ಲದಾಗುತ್ತಿದೆ. ಮೊದಲು ಅಟ್ಟ, ಆಮೇಲೆ ಗುಜರಿ ಅಂಗಡಿ. ಆದರೆ ಹರಿದ ಬೆತ್ತವನ್ನು ಮತ್ತೆ ಹೆಣೆಸಬಹುದು, ಸಡಿಲಗೊಂಡ ಕೀಲುಗಳನ್ನು ಬಿಗಿಗೊಳಿಸಬಹುದು. ಬೆತ್ತ ಒಣಗಿ ಬಿರಿಯದಂತೆ ಆಗಾಗ ಒದ್ದೆ ಬಟ್ಟೆಯಿಂದ ಒರೆಸಿದರೆ ಬಾಳಿಕೆಯೂ ಹೆಚ್ಚು. ಹಿರಿಯರ ಅಂಗೈ ಸವೆದು ನುಣುಪಾದ ಆ ಕೈಪಿಡಿ ಮಾತ್ರ ಒಮ್ಮೆ ಮನೆ ಬಿಟ್ಟರೆ ಯಾವ ಅಂಗಡಿಯಲ್ಲೂ ದೊರೆಯದು. ಮಾರುವ ಮುನ್ನ ಒಬ್ಬ ಬಡಗಿಯನ್ನು ಕರೆಸಿ ತೋರಿಸುವುದು ಲೇಸು.