ಸ್ಥಿರಚಿತ್ರದ ಕ್ಯಾಮರಾದಿಂದ ವಿಡಿಯೊ ತೆಗೆಯುವ ಬಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರ ಮನೆಗಳಲ್ಲಿ ಈಗ ಒಳ್ಳೆಯ ಕ್ಯಾಮರಾಗಳಿರುತ್ತವೆ. ಮಸೂರ ಬದಲಿಸತಕ್ಕ ಇಂಥ ಯಂತ್ರಗಳು ಪೂರ್ವದಲ್ಲಿ ಸ್ಥಿರಚಿತ್ರಕ್ಕೆ ಮಾತ್ರ ಉಪಯೋಗವಾಗುತ್ತಿದ್ದವು. 2008ನೆಯ ಇಸವಿಯಲ್ಲಿ ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2 ಎಂಬವು ಹೊರಬಂದ ಮೇಲೆ ಅವುಗಳಿಂದಲೇ ವಿಡಿಯೊ ತೆಗೆಯುವ ರೂಢಿ ಬೆಳೆಯಿತು. ಆದರೆ ಯಂತ್ರವು ಕೈಗೆ ಬಂದ ಮಾತ್ರಕ್ಕೆ ವಿದ್ಯೆಯು ಬರುವದಿಲ್ಲವೆಂಬದನ್ನು ನಾವು ನಷ್ಟಪಟ್ಟು ಕಲಿತೆವು.

ಹಿರೇಕೆರೂರ ಭಾಗದ ಒಂದು ಹಳ್ಳಿಯಲ್ಲಿ ವೃದ್ಧೆಯೊಬ್ಬರು ನಮ್ಮ ಮುಂದೆ ಬೀಸುತ್ತ ಬೀಸುವ ಪದಗಳನ್ನು ಹಾಡಿದರು. ಪಡಸಾಲೆಯು ಕತ್ತಲಾಗಿದ್ದುದರಿಂದ ಮಸೂರದ ರಂಧ್ರವನ್ನು ಪೂರ್ಣ ತೆರೆದಿದ್ದೆವು. ಅವರು ಮುಂದಕ್ಕೆ ಬಾಗಿದಾಗಲೆಲ್ಲ ಮುಖವು ಮಸುಕಾಗಿ, ಹಿಂದಿನ ಗೋಡೆಯ ಗೂಡು ಸ್ಪಷ್ಟವಾಯಿತು. ಮತ್ತೊಮ್ಮೆ ತೆಗೆಯಬೇಕೆಂದು ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಧ್ವನಿ ಉಳಿಯಿತು, ಮುಖ ಉಳಿಯಲಿಲ್ಲ.

ಇದರ ಕಾರಣವನ್ನು ವಿಚಾರಿಸೋಣ. ಸ್ಥಿರಚಿತ್ರಕ್ಕೆ ಒಂದು ಕ್ಷಣದ ಸ್ಪಷ್ಟತೆ ಸಾಕು; ವಿಡಿಯೊಕ್ಕೆ ಪ್ರತಿಕ್ಷಣದ ಸ್ಪಷ್ಟತೆ ಬೇಕು. 36×24 ಮಿಲಿಮೀಟರಿನ ಸಂವೇದಕವುಳ್ಳ ಕ್ಯಾಮರಾಕ್ಕೆ 50 ಮಿಲಿಮೀಟರಿನ ಮಸೂರ ಹಾಕಿ, 10 ಅಡಿ ದೂರದವರನ್ನು ನೋಡಿದರೆ, ರಂಧ್ರವು ಎಫ್ 2 ಇದ್ದಾಗ ಸುಮಾರು ಒಂದೂವರೆ ಅಡಿಯಷ್ಟು ಆಳವೇ ಸ್ಪಷ್ಟವಾಗಿರುತ್ತದೆ. ಎಫ್ 8 ಇಟ್ಟರೆ ಆರು ಅಡಿಯಾಗುತ್ತದೆ. ಆದರೆ ಆಗ ಬೆಳಕು ಹದಿನಾರನೆಯ ಒಂದು ಪಾಲಿಗೆ ಇಳಿಯುವದು. ಆದುದರಿಂದ ಹಾಡುವವರನ್ನು ಬಾಗಿಲ ಬಳಿ ಅಥವಾ ಮನೆಯ ಮುಂದಿನ ಕಟ್ಟೆಯ ಮೇಲೆ ಕೂಡ್ರಿಸುವದೇ ಸುಲಭವಾದ ಉಪಾಯವು.

ಫೋಕಸನ್ನು ಹಾಡಿಗೆ ಮೊದಲೇ ಮಾಡತಕ್ಕದ್ದು. ಕನ್ನಡಿಯುಳ್ಳ ಕ್ಯಾಮರಾದಲ್ಲಿ ವಿಡಿಯೊ ತೆಗೆಯುವಾಗ ಕನ್ನಡಿಯು ಮೇಲಕ್ಕೇರಿ, ಕಣ್ಣಿಟ್ಟು ನೋಡುವ ಕಿಂಡಿಯು ಕತ್ತಲಾಗುತ್ತದೆ. ಹಿಂದಿನ ಪರದೆಯನ್ನೇ ನೋಡಬೇಕು. ಅದರಲ್ಲಿ ಕುಳಿತವರ ಕಣ್ಣನ್ನು ದೊಡ್ಡದು ಮಾಡಿ, ಕೈಯಿಂದ ಉಂಗುರವನ್ನು ತಿರುಗಿಸಿ ಹೊಂದಿಸಿರಿ. ಹಳೆಯ ಯಂತ್ರಗಳ ಸ್ವಯಂಚಾಲಿತ ಫೋಕಸು ನಡುನಡುವೆ ಹಿಂದೆ ಮುಂದೆ ತಡಕಾಡುವದುಂಟು. ಕನ್ನಡಿಯಿಲ್ಲದ ಹೊಸ ಯಂತ್ರಗಳಲ್ಲಿ ಹಲವು ಮುಖವನ್ನು ಗುರುತಿಸಿ ಹಿಂಬಾಲಿಸುತ್ತವೆ; ಆದರೂ ನಡುವೆ ಮೊರವೊಂದು ಅಡ್ಡ ಬಂದರೆ ದಾರಿ ತಪ್ಪಬಹುದು.

ಇನ್ನು ಮಸೂರದ ಮಾತು. ಸವಣೂರಿನ ದೊಡ್ಡ ಹುಣಸೆಯ ಬೃಹತ್ ಮರಗಳನ್ನು ಹತ್ತಿರದಿಂದ ಹಿಡಿಯಲು 24 ಮಿಲಿಮೀಟರಿನದು ಒಳ್ಳೆಯದು. ಅದನ್ನೇ ಅಜ್ಜಿಯ ಮುಖದ ಸಮೀಪಕ್ಕೆ ಒಯ್ದರೆ ಮೂಗು ದೊಡ್ಡದಾಗಿ ಕಾಣುವದು. ಮುಖಕ್ಕೆ ತುಸು ದೂರ ನಿಂತು 50 ಇಲ್ಲವೆ 85 ಬಳಸಬೇಕು. ಹಾನಗಲ್ಲಿನ ತಾರಕೇಶ್ವರ ಗುಡಿಯ ಛತ್ತಿನ ಕಮಲದ ಒಂದೊಂದು ಎಸಳನ್ನು ತೋರಿಸಲು ಇನ್ನೂ ಉದ್ದನೆಯ ಮಸೂರ ಬೇಕು. ಅದು ಕೈಯ ನಡುಕವನ್ನೂ ಹಿಗ್ಗಿಸುವದರಿಂದ ಮುಕ್ಕಾಲಿಯು ಅವಶ್ಯ.

ಹೊಸದಾಗಿ ಕಲಿಯುವವರು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿ, ಅಲ್ಲಿಯವರ ಅನುಮತಿ ಪಡೆದು, ಹಳ್ಳಿಯ ಬಾಳನ್ನು ತೋರುವ ಆ ಪ್ರತಿಮೆಗಳ ಮೇಲೆ ಕೈ ಪಳಗಿಸಿಕೊಳ್ಳಲಿ. ಅವು ಅಲುಗುವದಿಲ್ಲ, ದಣಿಯುವದಿಲ್ಲ. ನಾಳೆಯೂ ಅಲ್ಲಿಯೇ ಇರುತ್ತವೆ. ನಮ್ಮ ಮನೆಗಳ ಹಿರಿಯರು ಹಾಗಲ್ಲ. ಪಾಲಕರೇ, ಭಗಿನಿಯರೇ, ಅವರ ಹಾಡನ್ನು ಈ ಬೇಸಿಗೆಯಲ್ಲಿಯೇ ತೆಗೆದಿಡಿರಿ.