ಕೊಬ್ಬರಿಯ ಅಟ್ಟ ಈರುಳ್ಳಿಗೂ ಬೇಕು

ಹೊಸದುರ್ಗದ ಕಡೆ ತೆಂಗು ಬೆಳೆಯುವ ರೈತರ ಮನೆಗೆ ಹೋದರೆ ತಲೆಯ ಮೇಲೊಂದು ಅಟ್ಟ ಕಾಣುತ್ತದೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಎಂಟರಿಂದ ಹನ್ನೆರಡು ತಿಂಗಳು ಅದು ಅಲ್ಲಿಯೇ ಇರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದಾಗ ಸದ್ದು ಬಂದರೆ ಉಂಡೆ ಕೊಬ್ಬರಿ ಸಿದ್ಧ. ತಿಪಟೂರು ಮಾರುಕಟ್ಟೆಯ ಧಾರಣೆ ನೋಡಿಕೊಂಡು ಸುಲಿಸುತ್ತಾರೆ. ಧಾರಣೆ ಕುಸಿದಿದ್ದರೆ ಇನ್ನಷ್ಟು ದಿನ ಕಾಯುತ್ತಾರೆ.

ಈಗ ಚಿತ್ರದುರ್ಗ, ಹಿರಿಯೂರು ತಾಲ್ಲೂಕುಗಳ ಈರುಳ್ಳಿ ಹೊಲಕ್ಕೆ ಬನ್ನಿ. ಮುಂಗಾರು ಈರುಳ್ಳಿ ಕೀಳುವುದು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ. ಎಲ್ಲರದೂ ಒಟ್ಟಿಗೇ ಬರುತ್ತದೆ, ಮಳೆಯೂ ಆಗಲೇ ಬರುತ್ತದೆ. ಕಿತ್ತ ಗೆಡ್ಡೆಯನ್ನು ನೆಲದ ಮೇಲೆ ರಾಶಿ ಹಾಕಿ, ತಾಡಪಾಲು ಹೊದಿಸಿ, ಲಾರಿ ಸಿಕ್ಕ ದಿನ ಬೆಂಗಳೂರಿಗೆ ಕಳಿಸುತ್ತೇವೆ. ಅಲ್ಲಿ ಕೂಗಿದ್ದೇ ಬೆಲೆ. ಹಿಂದಕ್ಕೆ ತರೋಣವೆಂದರೆ ಇಡಲು ಜಾಗವಿಲ್ಲ.

ಈರುಳ್ಳಿ ಕೊಬ್ಬರಿಯಷ್ಟು ತಾಳಿಕೆಯ ಪದಾರ್ಥವಲ್ಲ, ನಿಜ. ಆದರೂ ಒಂದು ಮಾತು ಗಮನಿಸಬೇಕು. ತೆಂಗಿನ ಬೆಳೆಗಾರರ ಫಸಲಿನ ಅಡಿಯಲ್ಲಿ ಗಾಳಿ ಆಡುತ್ತದೆ. ಈರುಳ್ಳಿ ಬೆಳೆಗಾರರ ಫಸಲಿನ ಅಡಿಯಲ್ಲಿ ಹಸಿ ನೆಲವಿದೆ.

ಅಟ್ಟದ ಗುಟ್ಟು

ಕಿತ್ತ ಮೇಲೂ ಈರುಳ್ಳಿ ಗೆಡ್ಡೆ ಜೀವಂತವಾಗಿಯೇ ಇರುತ್ತದೆ. ಅದು ಉಸಿರಾಡುತ್ತದೆ, ಉಸಿರಾಡುವಾಗ ಶಾಖವನ್ನೂ ತೇವವನ್ನೂ ಹೊರಬಿಡುತ್ತದೆ. ರಾಶಿ ಅಗಲವಾಗಿ, ನೆಲಕ್ಕೆ ಅಂಟಿಕೊಂಡಿದ್ದರೆ ಈ ಶಾಖ, ತೇವ ನಡುವಿನಲ್ಲಿಯೇ ನಿಲ್ಲುತ್ತವೆ. ಮೊದಲು ನಡುವಿನ ಗೆಡ್ಡೆ ಬೆವರಿ ಕೊಳೆಯುತ್ತದೆ, ಆಮೇಲೆ ಅಕ್ಕಪಕ್ಕದವು. ಅಡಿಯಲ್ಲಿ ಸಂದುಬಿಟ್ಟ ಹಾಸು ಇದ್ದರೆ ಬಿಸಿ ಗಾಳಿ ಮೇಲೇರಿ ಹೋದಂತೆ ಒಣಗಾಳಿ ಕೆಳಗಿನಿಂದ ಒಳಬರುತ್ತದೆ. ಯಂತ್ರ ಬೇಡ, ವಿದ್ಯುತ್ತೂ ಬೇಡ. ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವ ಈ ಜಿಲ್ಲೆಯಲ್ಲಿ ಗಾಳಿಗೆ ಬರವಿಲ್ಲ.

ಅಟ್ಟಣಿಗೆಯ ಅಳತೆ

ಸಣ್ಣ ಹಿಡುವಳಿದಾರರಿಗೆ 20 ಅಡಿ ಉದ್ದ, 4 ಅಡಿ ಅಗಲದ ಅಟ್ಟಣಿಗೆ ಸಾಕು. ಅದರ ಮೇಲೆ 4 ಅಡಿ ಎತ್ತರಕ್ಕೆ ಈರುಳ್ಳಿ ತುಂಬಬಹುದು. ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 5 ಕ್ವಿಂಟಲ್ ಹಿಡಿಯುವುದರಿಂದ ಇದರಲ್ಲಿ ಸುಮಾರು 45 ಕ್ವಿಂಟಲ್ ಇಡಬಹುದು. ಫಸಲು ಹೆಚ್ಚಿದ್ದರೆ ಉದ್ದವನ್ನು ಹೆಚ್ಚಿಸಿ. ಅಗಲ, ಎತ್ತರಗಳನ್ನು 4 ಅಡಿಗಿಂತ ಹೆಚ್ಚಿಸಬೇಡಿ. ಅಗಲ ಹೆಚ್ಚಿದರೆ ಗಾಳಿ ನಡುವಿಗೆ ತಲಪದು, ಎತ್ತರ ಹೆಚ್ಚಿದರೆ ತಳದ ಗೆಡ್ಡೆ ಜಜ್ಜಿಹೋಗುತ್ತದೆ.

ಕಟ್ಟುವ ಕ್ರಮ ಹೀಗಿದೆ:

1. ನೀರು ನಿಲ್ಲದ ದಿಣ್ಣೆ ಜಾಗವನ್ನು ಆರಿಸಿ. ಉದ್ದವು ಉತ್ತರ-ದಕ್ಷಿಣವಾಗಿರಲಿ. ಮಳೆಗಾಲದ ಪಡುವಣ ಗಾಳಿಯೂ ಚಳಿಗಾಲದ ಮೂಡಣ ಗಾಳಿಯೂ ಆಗ ಅಗಲಕ್ಕೆ ಹಾದುಹೋಗುತ್ತವೆ. ಮನೆಯ ಗೋಡೆಗೆ ಒತ್ತಿ ಕಟ್ಟಬೇಡಿ.

2. 4 ಅಡಿಗೊಂದು ಜೊತೆಯಂತೆ 12 ಕಲ್ಲುಕಂಬ ನೆಡಿ. ಕಂಬ ನೆಲದಿಂದ 2 ಅಡಿ ಮೇಲಿರಲಿ.

3. ಕಂಬಗಳ ಮೇಲೆ ಎರಡೂ ಬದಿಗೆ ಉದ್ದ ತೊಲೆ ಇಟ್ಟು, ಅವುಗಳ ಮೇಲೆ 2 ಅಡಿಗೊಂದರಂತೆ ಅಡ್ಡ ತೊಲೆ ಕೂರಿಸಿ.

4. ಅಡ್ಡ ತೊಲೆಗಳ ಮೇಲೆ ಅಡಿಕೆ ದಬ್ಬೆ ಅಥವಾ ಬಿದಿರ ದಬ್ಬೆಯನ್ನು ಒಂದು ಅಂಗುಲ ಸಂದು ಬಿಟ್ಟು ಹಾಸಿ. ದಬ್ಬೆಯ ನಯವಾದ ಮೈ ಮೇಲಕ್ಕಿರಲಿ, ಸಿಬಿರು ಗೆಡ್ಡೆಗೆ ತಾಗಬಾರದು.

5. ಪಕ್ಕಗಳಿಗೂ ಸಂದು ಬಿಟ್ಟು ದಬ್ಬೆ ಕಟ್ಟಿ. ಇರಚಲು ಹೊಡೆಯುವ ಬದಿಗೆ ಗೋಣಿತಟ್ಟಿನ ಪರದೆ ಇರಲಿ. ಮಳೆ ನಿಂತೊಡನೆ ಸುತ್ತಿ ಮೇಲೆ ಕಟ್ಟಿ.

6. ಮಾಡಿಗೆ ತೆಂಗಿನ ಗರಿ ಅಥವಾ ಮಂಗಳೂರು ಹೆಂಚು ಉತ್ತಮ. ತಗಡು ಹಾಕಿದರೆ ಅದರ ಮೇಲೆ ಗರಿ ಹೊದಿಸಿ. ಸೂರು ಎರಡು ಅಡಿ ಹೊರಚಾಚಿರಲಿ.

ಸಾಮಾನಿಗಾಗಿ ದೂರ ಹೋಗಬೇಕಿಲ್ಲ. ಹೊಳಲ್ಕೆರೆ ತಾಲ್ಲೂಕಿನಲ್ಲಿಯೂ ಭೀಮಸಮುದ್ರದ ಕಡೆಯೂ ಹಳೆಯ ಅಡಿಕೆ ಮರ ಕಡಿಯುವವರಲ್ಲಿ ದಬ್ಬೆ ಸಿಗುತ್ತದೆ. ತೆಂಗಿನ ಗರಿ ಹೊಸದುರ್ಗದಲ್ಲಿದೆ. ಕಲ್ಲುಕಂಬ ಊರೂರಿನಲ್ಲಿಯೂ ಉಂಟು.

ನಾನು ಮಾಡಿದ ತಪ್ಪು

ಮೊದಲ ಸಲ ಒಬ್ಬ ರೈತರ ಹೊಲದಲ್ಲಿ ಅಟ್ಟಣಿಗೆ ಕಟ್ಟಿಸಿದಾಗ ಖರ್ಚು ಉಳಿಸಲೆಂದು ಅಡ್ಡ ತೊಲೆಗಳನ್ನು ನಾಲ್ಕು ಅಡಿಗೊಂದರಂತೆ ಇಡಿಸಿದೆ. ಹದಿನೈದು ದಿನಕ್ಕೆ ದಬ್ಬೆ ತೊಟ್ಟಿಲಿನಂತೆ ಜೋತುಬಿತ್ತು. ಗೆಡ್ಡೆಗಳು ನಡುವಿಗೆ ಜಾರಿ ಒತ್ತಿಕೊಂಡವು, ಸಂದುಗಳು ಮುಚ್ಚಿದವು, ಅಲ್ಲಿಂದಲೇ ಕೊಳೆ ಶುರುವಾಯಿತು. ಆ ರೈತರು ನನ್ನನ್ನು ಬೈಯಲಿಲ್ಲ. "ಸಾಹೇಬ್ರೇ, ನಮ್ಮಪ್ಪ ಅಟ್ಟ ಕಟ್ಟುವಾಗ ಎರಡು ಮೊಳಕ್ಕೆ ಒಂದು ತೊಲೆ ಹಾಕ್ತಿದ್ದರು" ಎಂದಷ್ಟೇ ಹೇಳಿದರು. ಮೊದಲೇ ಅವರನ್ನು ಕೇಳಿದ್ದರೆ ಅವರ ಈರುಳ್ಳಿ ಉಳಿಯುತ್ತಿತ್ತು.

ಲೆಕ್ಕ ಹಾಕಿ ನೋಡಿದರೆ ತಪ್ಪು ಸ್ಪಷ್ಟವಾಗುತ್ತದೆ. 4 ಅಡಿ ಎತ್ತರದ ಈರುಳ್ಳಿ ರಾಶಿ ಒಂದು ಚದರ ಅಡಿ ಹಾಸಿನ ಮೇಲೆ 55 ಕಿಲೋಗೂ ಹೆಚ್ಚು ಭಾರ ಹೇರುತ್ತದೆ. ಆದಕಾರಣ ಅಡ್ಡ ತೊಲೆಗಳ ವಿಷಯದಲ್ಲಿ ಮಾತ್ರ ಉಳಿತಾಯ ಸಲ್ಲದು.

ಅಟ್ಟಕ್ಕೆ ಏರಿಸುವ ಮುನ್ನ

ಕೆಟ್ಟ ಗೆಡ್ಡೆಯನ್ನು ಯಾವ ಅಟ್ಟಣಿಗೆಯೂ ಕಾಪಾಡಲಾರದು. ಕೀಳುವ 10-15 ದಿನ ಮೊದಲೇ ನೀರು ನಿಲ್ಲಿಸಿ. ಕಿತ್ತ ಮೇಲೆ ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗೆಡ್ಡೆಯನ್ನು ಮುಚ್ಚುವಂತೆ ಹರಡಿ ಮೂರರಿಂದ ಐದು ದಿನ ಹೊಲದಲ್ಲಿ ಬಿಡಿ. ಮಳೆಯ ಸೂಚನೆ ಕಂಡರೆ ತಡಮಾಡದೆ ನೆರಳಿಗೆ ಸಾಗಿಸಿ. ಬಳಿಕ ಸುಮಾರು ಒಂದು ಅಂಗುಲ ಕುತ್ತಿಗೆ ಉಳಿಸಿ ಎಲೆ ಕತ್ತರಿಸಿ, ಹತ್ತು ಹದಿನೈದು ದಿನ ನೆರಳಿನಲ್ಲಿ ಒಣಗಿಸಿ. ಕುತ್ತಿಗೆ ಬಿಗಿದು, ಹೊರ ಸಿಪ್ಪೆ ಗರಗರ ಎನ್ನಬೇಕು. ದಪ್ಪ ಕುತ್ತಿಗೆಯವು, ಜೋಡಿ ಗೆಡ್ಡೆ, ಹೂದಂಟು ಬಂದವು, ಗಾಯವಾದವುಗಳನ್ನು ಆರಿಸಿ ಕೂಡಲೇ ಮಾರಿಬಿಡಿ.

ತಳಿಯ ಗುಣವನ್ನೂ ಮರೆಯಬಾರದು. ಮುಂಗಾರಿನ ಈರುಳ್ಳಿಯನ್ನು ಒಂದೂವರೆ-ಎರಡು ತಿಂಗಳಿಗಿಂತ ಹೆಚ್ಚು ನಂಬಿ ಇಡಬೇಡಿ. ಹಿಂಗಾರು, ಬೇಸಿಗೆಯಲ್ಲಿ ಬೆಳೆದ ಅರ್ಕಾ ನಿಕೇತನ್, ಎನ್-2-4-1 ಮೊದಲಾದ ತಳಿಗಳು ಚೆನ್ನಾಗಿ ಒಣಗಿದ್ದರೆ ನಾಲ್ಕೈದು ತಿಂಗಳು ತಾಳುತ್ತವೆ.

ಕಾಯುವ ಲೆಕ್ಕ

ಈರುಳ್ಳಿ ಇಡುವುದು ಎಂದರೆ ಬೆಲೆಯ ಮೇಲೆ ಪಣ ಒಡ್ಡಿದಂತೆಯೇ ಸರಿ. ಆದ್ದರಿಂದ ಮೊದಲೇ ಲೆಕ್ಕ ಹಾಕಬೇಕು. ಉದಾಹರಣೆಗೆ, ಕ್ವಿಂಟಲಿಗೆ 1,000 ರೂಪಾಯಿಯಂತೆ 45 ಕ್ವಿಂಟಲ್ ಇಂದೇ ಮಾರಿದರೆ 45,000 ರೂಪಾಯಿ ಕೈಗೆ ಬರುತ್ತದೆ ಎಂದಿಟ್ಟುಕೊಳ್ಳಿ. ನೆಲದ ರಾಶಿಯಲ್ಲಿ ಕಾಲುಭಾಗ ಹಾಳಾದರೆ ಅಷ್ಟೇ ಹಣಕ್ಕೆ ಬೆಲೆ 1,333 ರೂಪಾಯಿಗೆ ಏರಬೇಕು. ಅಟ್ಟಣಿಗೆಯಲ್ಲಿ ಹತ್ತನೆಯ ಒಂದು ಭಾಗ ಮಾತ್ರ ಹೋದರೆ 1,111 ರೂಪಾಯಿ ಸಾಕು. ಅದರಾಚೆ ಬಂದದ್ದರಲ್ಲಿ ಕಟ್ಟಿದ ಖರ್ಚನ್ನು ಕಳೆಯಿರಿ, ಉಳಿದದ್ದು ಲಾಭ. ವಾರಕ್ಕೊಮ್ಮೆ ಹಾಸಿನ ಅಡಿಗೆ ಬಗ್ಗಿ ವಾಸನೆ ನೋಡಿ, ಕೊಳೆತವನ್ನು ತೆಗೆಯಿರಿ. ಕೊಳೆ ಹೆಚ್ಚುತ್ತಿದೆ ಎನಿಸಿದರೆ ಬೆಲೆಗೆ ಕಾಯದೆ ಮಾರುವುದೇ ಜಾಣತನ. ಇಡೀ ಫಸಲನ್ನೂ ಇಡಬೇಡಿ. ಸಾಲ, ಕೂಲಿ ತೀರಿಸುವಷ್ಟನ್ನು ಮಾರಿ ಮಿಕ್ಕಿದ್ದನ್ನು ಏರಿಸಿ.

ಶೇಂಗಾಕ್ಕೆ ಮುಕ್ಕಾಲಿ

ಹಿರಿಯೂರಿನ ಕೆಂಪು ಮಸಾರಿ ಹೊಲಗಳ ಶೇಂಗಾಕ್ಕೂ ಇದೇ ತತ್ವ ಅನ್ವಯಿಸುತ್ತದೆ. ಕಿತ್ತಾಗ ಕಾಯಿಯಲ್ಲಿ ಶೇಕಡಾ 35ರಿಂದ 50ರಷ್ಟು ತೇವವಿರುತ್ತದೆ. ಅದು ಶೇಕಡಾ 8ರ ಸುಮಾರಿಗೆ ಇಳಿಯಬೇಕು. ಹಸಿ ಬಳ್ಳಿಯನ್ನು ಒತ್ತಾಗಿ ಮೆದೆ ಹಾಕಿದರೆ ಒಳಗೆ ಹಸಿರು ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು. ಈ ವಿಷದ ಅರಿವು ಜಗತ್ತಿಗೆ ಆದದ್ದು ಆಗಲೇ. ನಮ್ಮ ದನಕರು ತಿನ್ನುವುದೂ ಶೇಂಗಾ ಹಿಂಡಿಯನ್ನೇ, ಮಕ್ಕಳು ತಿನ್ನುವುದೂ ಅದೇ ಕಾಯಿಯನ್ನೇ.

ಆರು ಅಡಿಯ ಮೂರು ಗಳುಗಳನ್ನು ತುದಿಯಲ್ಲಿ ಬಿಗಿದು ಮುಕ್ಕಾಲಿಯಂತೆ ನಿಲ್ಲಿಸಿ. ನೆಲದಿಂದ ಎರಡು ಅಡಿ ಬಿಟ್ಟು ಮೇಲಕ್ಕೆ ಸುತ್ತಲೂ ಹಗ್ಗ ಅಥವಾ ಅಡ್ಡಪಟ್ಟಿ ಕಟ್ಟಿ. ಬಳ್ಳಿಯನ್ನು ಸಣ್ಣ ಕಂತೆ ಮಾಡಿ, ಕಾಯಿ ಒಳಮುಖವಾಗಿ, ಎಲೆ ಹೊರಮುಖವಾಗಿ ಕೆಳಗಿನಿಂದ ಮೇಲಕ್ಕೆ ಹೇರುತ್ತ ಹೋಗಿ. ಎಲೆಗಳು ಬಿಸಿಲು, ಮಳೆಯನ್ನು ತಡೆಯುತ್ತವೆ. ನಡುವಿನ ಟೊಳ್ಳಿನಲ್ಲಿ ಗಾಳಿ ಆಡುತ್ತದೆ. ಅಮೆರಿಕದ ವರ್ಜೀನಿಯಾ ಕಡೆಯ ರೈತರೂ ಯಂತ್ರಗಳು ಬರುವ ಮುನ್ನ ಅಡ್ಡಪಟ್ಟಿ ಹೊಡೆದ ಕಂಬದ ಸುತ್ತ ಶೇಂಗಾ ಬಳ್ಳಿ ಪೇರಿಸಿ ಒಣಗಿಸುತ್ತಿದ್ದರು. ಬೇಸಿಗೆ ಶೇಂಗಾವನ್ನು ಬಿತ್ತನೆಗೆ ಇಡುವವರಿಗೆ ಈ ವಿಧಾನ ವಿಶೇಷವಾಗಿ ಉಪಯುಕ್ತ. ಕಾದ ನೆಲದ ಮೇಲೆ ಒಣಗಿದ ಬೀಜದ ಮೊಳಕೆ ಶಕ್ತಿ ಬೇಗ ಕುಂದುತ್ತದೆ. ಕಾಯಿ ಅಲ್ಲಾಡಿಸಿದಾಗ ಬೀಜ ಗಿಲಕಿಯಂತೆ ಸದ್ದು ಮಾಡಿ, ಉಜ್ಜಿದರೆ ಸಿಪ್ಪೆ ಬಿಟ್ಟುಕೊಂಡರೆ ಒಣಗಿತೆಂದು ತಿಳಿಯಬಹುದು.

ಬರುವ ಸುಗ್ಗಿಯೊಳಗೆ ಮೊದಲು ಒಂದೇ ಅಟ್ಟಣಿಗೆ ಕಟ್ಟಿ, ಫಸಲಿನ ಒಂದು ಭಾಗವನ್ನಷ್ಟೇ ಇಟ್ಟು ನೋಡಿ. ತೂಕ ಮಾಡಿ ಇಡಿ, ತೂಕ ಮಾಡಿ ತೆಗೆಯಿರಿ. ಅನುಮಾನಗಳಿದ್ದರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ. ಸಹಾಯಧನ ಉಂಟೇ ಎಂಬುದನ್ನು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಮತ್ತು ತೊಲೆ ಎಷ್ಟು ದೂರಕ್ಕೆ ಹಾಕಬೇಕೆಂದು ಮನೆಯ ಹಿರಿಯರನ್ನೂ ಒಂದು ಮಾತು ಕೇಳಿಬಿಡಿ.