ನೀರಿಗಿಳಿದ ರೆಕ್ಕೆ

ಬೀದರದವರಿಗೆ ರೆಕ್ಕೆಯ ಕೆಲಸವನ್ನು ವಿವರಿಸುವುದು ಸುಲಭ. ವಾಯುಪಡೆಯ ಹಾಕ್ ತರಬೇತಿ ವಿಮಾನಗಳು 2008ರಿಂದ ಇಲ್ಲಿ ತಲೆಯ ಮೇಲೆಯೇ ಹಾರುತ್ತಿವೆ; ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ. ಅಂಥ ವಿಮಾನದ ಒಂದು ರೆಕ್ಕೆಯನ್ನು ಬಟ್ಟೆಯಲ್ಲಿ ಹೊಲಿದು, ನೀರಿನ ಮೇಲೆ ತೇಲುವ ಹಲಗೆಗೆ ನೆಟ್ಟಗೆ ನಿಲ್ಲಿಸಿ, ಅದನ್ನು ಕೈಯಲ್ಲಿ ಹಿಡಿದು ಸಾಗಿದರೆ ಅದೇ ವಿಂಡ್‌ಸರ್ಫಿಂಗ್.

ಈ ಬಟ್ಟೆಯ ರೆಕ್ಕೆಯೇ ಹಾಯಿ. ಹಾಯಿಯನ್ನು ಗಾಳಿ ಹಿಂದಿನಿಂದ ನೂಕುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಗಾಳಿ ಬೆನ್ನಿಗಿದ್ದಾಗ ಅದು ನಿಜ. ಆದರೆ ಹಲಗೆ ಹೆಚ್ಚು ವೇಗ ಪಡೆಯುವುದು ಗಾಳಿ ಪಕ್ಕದಿಂದ ಬೀಸುವಾಗ. ಬಾಗಿದ ಹಾಯಿಯನ್ನು ಸವರಿಕೊಂಡು ಹೋಗುವ ಗಾಳಿ ತನ್ನ ದಿಕ್ಕು ಬದಲಿಸುತ್ತದೆ. ಗಾಳಿಯನ್ನು ಹಾಯಿ ಒಂದು ಕಡೆ ತಿರುಗಿಸಿದರೆ, ಹಾಯಿಯನ್ನು ಗಾಳಿ ಇನ್ನೊಂದು ಕಡೆ ಒತ್ತುತ್ತದೆ. ಉಬ್ಬಿದ ಹೊರಮೈಯಲ್ಲಿ ಒತ್ತಡ ಕಡಿಮೆ, ಒಳಮೈಯಲ್ಲಿ ಹೆಚ್ಚು. ವಿಮಾನವನ್ನು ಮೇಲಕ್ಕೆತ್ತುವ ಈ ಬಲ, ರೆಕ್ಕೆ ನಿಂತಿರುವುದರಿಂದ, ಇಲ್ಲಿ ಅಡ್ಡಡ್ಡ ಎಳೆಯುತ್ತದೆ. ಅದರ ಒಂದು ಪಾಲು ಪಕ್ಕಕ್ಕೆ, ಇನ್ನೊಂದು ಪಾಲು ಮುಂದಕ್ಕೆ. ಹಲಗೆಯ ಅಡಿಯಲ್ಲಿರುವ ಈಜುರೆಕ್ಕೆಯಂಥ ಪಟ್ಟಿ ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ಒದ್ದೆ ಹುಣಸೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿದಾಗ ಅದು ಚಿಮ್ಮುವ ಹಾಗೆ, ಗಾಳಿ ಮತ್ತು ನೀರಿನ ನಡುವೆ ಸಿಕ್ಕಿದ ಹಲಗೆ ಮುಂದಕ್ಕೆ ಹೊರಡುತ್ತದೆ. ಗಾಳಿಗೆ ನೇರ ಎದುರಾಗಿ ಮಾತ್ರ ಹೋಗಲಾಗದು. ಸುಮಾರು 45 ಡಿಗ್ರಿ ಓರೆಯಲ್ಲಿ, ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗುತ್ತ ಸಾಗಬೇಕು.

ಇಷ್ಟು ಮಟ್ಟಿಗೆ ಇದು ಎಲ್ಲ ಹಾಯಿದೋಣಿಗಳ ಕಥೆ. ವಿಂಡ್‌ಸರ್ಫಿಂಗ್‌ನ ಜಾಣತನ ಇರುವುದು ಹಾಯಿಯ ಕಂಬ ಹಲಗೆಗೆ ಕೂಡುವ ಕೀಲಿನಲ್ಲಿ. ಅದು ಎಲ್ಲ ದಿಕ್ಕಿಗೂ ವಾಲುತ್ತದೆ. ಅಮೆರಿಕದ ಹಾಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ ಇದಕ್ಕೆ 1968ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಡ್ರೇಕ್ ವಿಮಾನ ಎಂಜಿನಿಯರ್ ಆಗಿದ್ದವರು. ಚುಕ್ಕಾಣಿಯೇ ಬೇಡ ಎಂಬುದು ಈ ಕೀಲಿನ ವರ. ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದ ದೂರ ಸರಿಯುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆ ತಿರುಗುತ್ತದೆ. ಹೆದರಿಕೆಯಾದರೆ ಹಿಡಿ ಬಿಟ್ಟರಾಯಿತು: ಹಾಯಿ ನೀರಿಗೆ ಬೀಳುತ್ತದೆ, ಹಲಗೆ ನಿಲ್ಲುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಬ್ರೇಕ್ ಇಲ್ಲ.

ಬಿದ್ದ ಹಾಯಿಯನ್ನು ಎತ್ತುವುದೇ ಮೊದಲ ಪಾಠ. ಗಾಳಿಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ, ಕಂಬಕ್ಕೆ ಕಟ್ಟಿದ ಹಗ್ಗವನ್ನು ಕೈ ಬದಲಿಸುತ್ತ ಎಳೆಯಬೇಕು. ಮೊದಮೊದಲು ಹಾಯಿ ಅಲುಗುವುದೇ ಇಲ್ಲ, ಮೇಲೆ ನಿಂತ ನೀರಿನ ಭಾರ ಅಷ್ಟಿರುತ್ತದೆ. ಒಂದು ಅಂಚು ಎದ್ದು ನೀರು ಸುರಿದುಹೋದ ಮೇಲೆ ಥಟ್ಟನೆ ಹಗುರ. ಅದೇ ಗಳಿಗೆಯಲ್ಲಿ ಹೊಸಬರು ಹಿಂದಕ್ಕೆ ಬೀಳುತ್ತಾರೆ.

ಎಷ್ಟು ಗಾಳಿ ಬೇಕು? ಗಂಟೆಗೆ 18 ಕಿ.ಮೀ. ಗಾಳಿಯಲ್ಲಿ 5 ಚದರ ಮೀಟರಿನ ಹಾಯಿ ಸುಮಾರು ಏಳೆಂಟು ಕಿಲೋ ತೂಕದಷ್ಟು ಎಳೆಯುತ್ತದೆ. ಗಾಳಿ 36 ಕಿ.ಮೀ.ಗೆ ಏರಿದರೆ ಎಳೆತ ಇಮ್ಮಡಿಯಲ್ಲ, ನಾಲ್ಮಡಿ: 30 ಕಿಲೋ. ಕಲಿಯುವವರಿಗೆ 10ರಿಂದ 20 ಕಿ.ಮೀ. ಸಾಕು, ಹಲಗೆ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆಯೇ ಜಾರತೊಡಗುವ ಸುಖ ಬೇಕಾದವರಿಗೆ 25-30. ಹಲಗೆಯ ಲೆಕ್ಕವೂ ಸರಳ. ಒಂದು ಲೀಟರ್ ಗಾತ್ರ ಒಂದು ಕಿಲೋ ಭಾರ ತೇಲಿಸುತ್ತದೆ. 70 ಕಿಲೋ ಮನುಷ್ಯ, ಹಲಗೆ, ಹಾಯಿ ಸೇರಿ ನೂರರ ಹತ್ತಿರವಾದರೆ, ಅಲುಗದೆ ನಿಲ್ಲಲು 200 ಲೀಟರಿನ ಹಲಗೆ ಬೇಕು.

ಈಗ ನಮ್ಮ ನೀರಿಗೆ ಬರೋಣ. ಬೀದರಿನಿಂದ ಅರಬ್ಬಿ ಸಮುದ್ರ ನೇರ ಗೆರೆಯಲ್ಲಿ ಸುಮಾರು 450 ಕಿ.ಮೀ. ದೂರ. ಆದರೆ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯಲ್ಲಿ ಕಾರಂಜಾ ಜಲಾಶಯವಿದೆ. ಔರಾದ್ ಕಡೆ ಮಾಂಜ್ರಾ ನದಿ ಹರಿಯುತ್ತದೆ. ನದಿಯ ಸೆಳೆತ ಹೊಸಬರಿಗೆ ತಕ್ಕುದಲ್ಲ. ಜಲಾಶಯದಲ್ಲಿ ಕಡಲಿನ ಉಬ್ಬರವಿಳಿತ ಇಲ್ಲ, ದಡಕ್ಕೆ ಬಡಿಯುವ ದೊಡ್ಡ ಅಲೆ ಇಲ್ಲ. ಪ್ರಸ್ಥಭೂಮಿಯ ಸುಮಾರು 600 ಮೀಟರ್ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಶೇ 5-6ರಷ್ಟು ತೆಳುವಾಗಿರುವುದರಿಂದ ಎಳೆತವೂ ಅಷ್ಟೇ ಕಡಿಮೆ. ಹಾಯಿ ಕೊಂಚ ದೊಡ್ಡದಾದರೆ ಅದು ಸರಿಹೋಗುತ್ತದೆ. ನಿಜವಾದ ತೊಡಕು ಬೇರೆ. ನೈಋತ್ಯ ಮಾರುತ ಜೋರಾಗಿ ಬೀಸುವ ಜೂನ್-ಜುಲೈನಲ್ಲಿ ಜಲಾಶಯ ಇನ್ನೂ ತುಂಬುತ್ತಿರುತ್ತದೆ. ಮಳೆಗಾಲ ಮುಗಿದು ನೀರು ನಿಂತಾಗ ಗಾಳಿ ತಗ್ಗಿರುತ್ತದೆ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಎರಡೂ ಒಂದಿಷ್ಟು ಒದಗುತ್ತವೆ.

ಒಳನಾಡಿನವರಿಗೆ ಹಾಯಿಯ ಆಟ ದಕ್ಕದು ಎಂಬುದನ್ನು ನಾನು ಒಪ್ಪುವುದಿಲ್ಲ. 140 ಕಿ.ಮೀ. ಆಚೆ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಜುಲೈ ಮಳೆಗಾಳಿಯಲ್ಲೇ ಹಾಯಿದೋಣಿಗಳ ಸ್ಪರ್ಧೆ ನಡೆಯುತ್ತದೆ. 1984ರಿಂದ ಒಲಿಂಪಿಕ್ಸ್‌ನಲ್ಲಿರುವ ವಿಂಡ್‌ಸರ್ಫಿಂಗ್‌ನಲ್ಲಿ ಭಾರತದ ಇಬಾದ್ ಅಲಿ 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು.

ಹಾಗೆಂದು ಹಲಗೆ ತಂದು ನೇರ ಕಾರಂಜಾಕ್ಕೆ ಇಳಿಯಬೇಡಿ. ಹಿನ್ನೀರಿನಲ್ಲಿ ಮೀನುಬಲೆಗಳಿರುತ್ತವೆ, ಅಣೆಕಟ್ಟಿನ ಗೇಟುಗಳ ಬಳಿ ಸೆಳೆತವಿರುತ್ತದೆ, ಅನುಮತಿಯೂ ಬೇಕು. ಭಾಲ್ಕಿಯ, ಔರಾದಿನ ಮಕ್ಕಳಿಗೆ ಮೊದಲು ಈಜು ಕಲಿಸಿ; ಬಲ್ಲ ತರಬೇತುದಾರರಿಲ್ಲದೆ, ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ನೀರಿಗೆ ಬಿಡಬೇಡಿ.